ಸೂಜಿಯೋ, ಬಿಲ್ಲೆಯೋ: ಜಿಂಕ್ ಆಕ್ಸೈಡ್ ಹರಳಿನ ಆಕಾರ ಹಿಡಿತಕ್ಕೆ ಬಂದ ಬಗೆ

ಕೊಡಗಿನ ಕಾಫಿ ತೋಟಗಳಿಗೆ ಜಿಂಕ್ ಹೊಸದಲ್ಲ. ಮಣ್ಣು ಹುಳಿ, ಮಳೆ ಜೋರು, ಪೋಷಕಾಂಶ ಕೊಚ್ಚಿಹೋಗುತ್ತದೆ. ಗಿಡದ ಎಲೆ ಸಣ್ಣದಾಗಿ ಕಿರಿದಾದರೆ ಜಿಂಕ್ ಸಲ್ಫೇಟ್ ಸ್ಪ್ರೇ ಮಾಡುವುದು ಹಳೆಯ ರೂಢಿ. ಈಗ ‘ನ್ಯಾನೋ ಜಿಂಕ್’ ಮಾತು ಜಾಸ್ತಿಯಾಗಿದೆ. ಅಂಥ ಉತ್ಪನ್ನಗಳಲ್ಲಿ ಹಲವು ಜಿಂಕ್ ಆಕ್ಸೈಡ್ ಕಣಗಳೇ. ಕಣ ಎಷ್ಟು ಸಣ್ಣದು ಅಂತ ಹೇಳುತ್ತಾರೆ, ಯಾವ ಆಕಾರದ್ದು ಅಂತ ಹೇಳುವವರು ಕಡಿಮೆ. ಆಕಾರವನ್ನೂ ಕೇಳಲೇಬೇಕು ಅನ್ನುವುದು ನನ್ನ ನಿಲುವು.

ಜಿಂಕ್ ಆಕ್ಸೈಡ್ ಹರಳು ಆರು ಮೂಲೆಯ ಕಂಬ. ಒಳಗೆ ಒಂದು ಪದರ ಜಿಂಕ್, ಅದರ ಮೇಲೊಂದು ಪದರ ಆಕ್ಸಿಜನ್. ಹಾಗಾಗಿ ಕಂಬದ ಒಂದು ತುದಿಯಲ್ಲಿ ಜಿಂಕ್ ಇರುತ್ತದೆ, ಇನ್ನೊಂದರಲ್ಲಿ ಆಕ್ಸಿಜನ್. ಸುತ್ತಲಿನ ಆರು ಬದಿಗಳಲ್ಲಿ ಎರಡೂ ಸಮನಾಗಿರುವುದರಿಂದ ಅವು ಸಮಾಧಾನವಾಗಿರುತ್ತವೆ. ಜಿಂಕ್ ತುದಿಗೆ ಆ ಸಮಾಧಾನ ಇಲ್ಲ, ಹೊಸ ಅಣುಗಳು ಅಲ್ಲಿಗೇ ಬೇಗ ಅಂಟುತ್ತವೆ. ಸುಮ್ನೆ ಬಿಟ್ಟರೆ ಹರಳು ಉದ್ದಕ್ಕೇ ಬೆಳೆಯುತ್ತದೆ. ಇಲ್ಲೊಂದು ವಿಚಿತ್ರ ಇದೆ. ಬೇಗ ಬೆಳೆಯುವ ಮುಖ ಕೊನೆಗೆ ಚಿಕ್ಕದಾಗುತ್ತದೆ, ನಿಧಾನದ ಮುಖವೇ ಅಗಲವಾಗಿ ಉಳಿಯುತ್ತದೆ. ಅಂದರೆ ಆಕಾರ ಬದಲಿಸಬೇಕಾದರೆ ಯಾವುದಾದರೂ ಒಂದು ಮುಖವನ್ನು ತಡೆದರೆ ಸಾಕು. ಇಡೀ ಚರಿತ್ರೆ ಈ ತಡೆಯ ಹುಡುಕಾಟ.

ಮೊದಮೊದಲು ಯಾರಿಗೂ ಸಣ್ಣ ಹರಳು ಬೇಕಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ರೇಡಿಯೋಗಳಿಗೆ ಬೇಕಾದ ಕ್ವಾರ್ಟ್ಜ್ ಎಂಬ ಹರಳು ಬ್ರೆಜಿಲ್‌ನಿಂದ ಬರಬೇಕಿತ್ತು. ಆ ಅವಲಂಬನೆ ತಪ್ಪಿಸಲು ಹೈಡ್ರೋಥರ್ಮಲ್ ವಿಧಾನಕ್ಕೆ ಒತ್ತು ಸಿಕ್ಕಿತು. ಕುಕ್ಕರ್‌ನ ಹಾಗೆ ಬಿಗಿಯಾಗಿ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ನೀರನ್ನು ಅದರ ಕುದಿಯುವ ಮಟ್ಟಕ್ಕಿಂತ ಎಷ್ಟೋ ಮೇಲೆ ಕಾಯಿಸಿ, ಒತ್ತಡದಲ್ಲಿ ಹರಳು ಬೆಳೆಸುವುದು. 1960ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಲಾಡೀಸ್ ಮತ್ತು ಬಾಲ್‌ಮನ್ ಇದೇ ದಾರಿಯಲ್ಲಿ ಜಿಂಕ್ ಆಕ್ಸೈಡ್ ಬೆಳೆಸಿದ್ದನ್ನು ಪ್ರಕಟಿಸಿದರು. ಈ ಕೆಲಸಕ್ಕೆ ಗಾಢ ಕ್ಷಾರದ ದ್ರಾವಣ ಬೇಕು. ಅದು ಉಕ್ಕನ್ನೇ ತಿನ್ನುವುದರಿಂದ ಒಳಗೆ ಬೆಳ್ಳಿ ಅಥವಾ ಪ್ಲಾಟಿನಂ ಹೊದಿಕೆ ಹಾಕುತ್ತಾರೆ. ದೊಡ್ಡ ಹರಳಿನ ಈ ಹಾದಿ ಮುಂದೆ ಜಪಾನಿನಲ್ಲಿ ಅಂಗುಲಗಟ್ಟಲೆ ಅಗಲದ ಬಿಲ್ಲೆಗಳವರೆಗೆ ಹೋಯಿತು.

ತಿರುವು ಬಂದದ್ದು ಕಡಿಮೆ ಬಿಸಿಯಿಂದ. 1990ರಲ್ಲಿ ಸ್ಪೇನಿನ ಸಂಶೋಧಕರು ಜಿಂಕ್ ಲವಣದ ಜೊತೆ ಹೆಕ್ಸಮೀನ್ ಸೇರಿಸಿ ಕಡ್ಡಿಯಂಥ ಹರಳುಗಳನ್ನು ಪಡೆದರು. ಸೈನಿಕರು ಊಟ ಬಿಸಿಮಾಡಲು ಉರಿಸುವ ಮಾತ್ರೆಯಲ್ಲಿರುವುದೂ ಇದೇ ಹೆಕ್ಸಮೀನ್. ಮಿಲಿಟರಿ ಮನೆಗಳು ತುಂಬಿದ ಕೊಡಗಿನಲ್ಲಿ ಇದರ ಪರಿಚಯ ಇರುವವರಿಗೆ ಕೊರತೆ ಇಲ್ಲ. ನೀರಿನಲ್ಲಿ ಬಿಸಿಯಾದಾಗ ಇದು ನಿಧಾನವಾಗಿ ಒಡೆದು ಅಮೋನಿಯಾ ಬಿಡುತ್ತದೆ, ದ್ರಾವಣ ಮೆಲ್ಲಗೆ ಕ್ಷಾರವಾಗುತ್ತದೆ, ಹರಳು ಅವಸರವಿಲ್ಲದೆ ಬೆಳೆಯುತ್ತದೆ. ಲಯೊನೆಲ್ ವೇಸಿಯರ್ಸ್ ಎಂಬ ಸಂಶೋಧಕರು ಇದನ್ನೇ ಹಿಡಿದು, ಸುಮಾರು 95 ಡಿಗ್ರಿಯಲ್ಲಿ, ಗಾಜಿನಂಥ ತಳದ ಮೇಲೆ ನೆಟ್ಟ ಪೈರಿನಂತೆ ಕಡ್ಡಿಗಳನ್ನು ನಿಲ್ಲಿಸಿದರು. ಅವರ 2003ರ ಪ್ರಬಂಧ ಈ ಕ್ಷೇತ್ರದ ಬಾಗಿಲನ್ನೇ ತೆರೆಯಿತು. ಹೆಕ್ಸಮೀನ್ ಬರೀ ಅಮೋನಿಯಾ ಕೊಡುತ್ತದೆಯೋ, ಬದಿಗಳಿಗೂ ಅಂಟಿ ದಪ್ಪವಾಗದಂತೆ ತಡೆಯುತ್ತದೆಯೋ ಎಂಬ ಜಗಳ ಆಮೇಲೂ ನಡೆಯಿತು.

ಅದೇ ಹೊತ್ತಿಗೆ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ಸಿಟ್ರೇಟ್, ಅಂದರೆ ನಿಂಬೆಹುಳಿಯ ಲವಣ, ಸೇರಿಸಿ ನೋಡಿದರು. ಅದು ಕಂಬದ ತುದಿಗೇ ಹೋಗಿ ಅಂಟಿತು. ಉದ್ದ ನಿಂತು ಅಗಲ ಹೆಚ್ಚಿತು, ಕಡ್ಡಿಯ ಬದಲು ಬಿಲ್ಲೆ ಸಿಕ್ಕಿತು. ನನಗೆ ತುಂಬಾ ಇಷ್ಟವಾದದ್ದು 2011ರಲ್ಲಿ ಅಮೆರಿಕದ ಎಂಐಟಿಯವರು ಮಾಡಿದ ಕೆಲಸ. ಅವರು ಸಿಟ್ರೇಟ್‌ನಂಥ ಸಾವಯವ ವಸ್ತು ಬಿಟ್ಟು ಬೇರೆ ಲೋಹಗಳ ಲವಣ ಹಾಕಿದರು. ಅಲ್ಯೂಮಿನಿಯಂ ಹಾಕಿದರೆ ಬದಿಗಳಿಗೆ ತಡೆ, ಸೂಜಿ ಬರುತ್ತದೆ. ಕ್ಯಾಡ್ಮಿಯಂ ಹಾಕಿದರೆ ತುದಿಗೆ ತಡೆ, ಬಿಲ್ಲೆ ಬರುತ್ತದೆ. ಯಾವ ಮುಖದ ಮೇಲೆ ಯಾವ ವಿದ್ಯುದಂಶ ಇದೆ ಅನ್ನುವುದರ ಮೇಲೆ ಎಲ್ಲ ನಿಂತಿತ್ತು. ಉದ್ದ ಮತ್ತು ದಪ್ಪದ ಅನುಪಾತವನ್ನು 0.1ರಿಂದ 100ರವರೆಗೆ ಬದಲಿಸಿ ತೋರಿಸಿದರು. ಅಲ್ಲಿಯವರೆಗೆ ಹಾಕಿ ನೋಡುವ ಆಟವಾಗಿದ್ದದ್ದು ಮೊದಲೇ ಲೆಕ್ಕ ಹಾಕುವ ವಿದ್ಯೆಯತ್ತ ಬಂತು.

ಆಕಾರದಿಂದ ಏನು ವ್ಯತ್ಯಾಸ? ಗಿಡ ತೆಗೆದುಕೊಳ್ಳುವುದು ಮುಖ್ಯವಾಗಿ ಕರಗಿದ ಜಿಂಕನ್ನು. ಸಲ್ಫೇಟ್ ನೀರಿನಲ್ಲೇ ಕರಗುವುದರಿಂದ ಅಲ್ಲಿ ಆಕಾರದ ಪ್ರಶ್ನೆ ಬರುವುದಿಲ್ಲ. ಆಕ್ಸೈಡ್ ಹಾಗಲ್ಲ, ಯಾವ ಮುಖ ಎಷ್ಟು ಹೊರಗಿದೆ ಅನ್ನುವುದೂ ಅದು ಕರಗುವ ವೇಗವನ್ನು ಬದಲಿಸುತ್ತದೆ. ಒಂದೇ ಅಳತೆಯ ಎರಡು ಪುಡಿಗಳು ಒಂದೇ ರೀತಿ ಕೆಲಸ ಮಾಡುತ್ತವೆ ಅಂತ ನಂಬಲು ಕಾರಣವಿಲ್ಲ.

ಈ ವಿದ್ಯೆ ನಮಗೆ ದೂರದ್ದೂ ಅಲ್ಲ. ಹೈಡ್ರೋಥರ್ಮಲ್ ವಿಧಾನದಲ್ಲಿ ಜಗತ್ತಿಗೇ ಪರಿಚಿತರಾದ ಕೆ. ಬೈರಪ್ಪ ಮೈಸೂರು ವಿಶ್ವವಿದ್ಯಾಲಯದವರು. ಮುಂದೆ ಅವರು ಮಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗ ಕೊಡಗಿನ ಕಾಲೇಜುಗಳೂ ಅದರಡಿಯಲ್ಲೇ ಇದ್ದವು. 2023ರಿಂದ ಚಿಕ್ಕ ಅಳುವಾರದಲ್ಲಿ ಕೊಡಗಿಗೇ ಸ್ವಂತ ವಿಶ್ವವಿದ್ಯಾಲಯ ಇದೆ. ಜಿಂಕ್ ನೈಟ್ರೇಟ್, ಹೆಕ್ಸಮೀನ್, ಸಿಟ್ರೇಟ್, 90 ಡಿಗ್ರಿ ಹಿಡಿದಿಡುವ ಒಂದು ಓವನ್: ಎಂಎಸ್ಸಿ ಮಕ್ಕಳು ಮೇಷ್ಟ್ರ ಕಣ್ಗಾವಲಲ್ಲಿ ಮಾಡಬಹುದಾದ ಪ್ರಯೋಗ ಇದು. ಹರಳು ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು, ಅದು ಪ್ರತಿ ಕಾಲೇಜೂ ಇಟ್ಟುಕೊಳ್ಳುವ ವಸ್ತುವಲ್ಲ. ಸ್ಯಾಂಪಲ್ ಕಟ್ಟಿ ಮೈಸೂರಿಗೆ ಕಳಿಸಿದರೂ ಆದೀತು. ತೋಟಕ್ಕೆ ಬರುವ ನ್ಯಾನೋ ಜಿಂಕ್‌ನ ಒಂದು ಹನಿಯನ್ನೂ ಅದರ ಜೊತೆಗೇ ಕಳಿಸಬಹುದು, ಅಲ್ವಾ?