ಹ್ಯಾಶ್ ಮಾಡಿದರೆ ಹೆಸರು ಅಡಗುತ್ತದಾ? ಸಾಂಕ್ರಾಮಿಕ, ಬ್ಲಾಕ್‌ಚೈನ್, ಎಐ ಪಾಠಕ್ಕೆ ಟಿಪ್ಪಣಿ

ಸಾಂಕ್ರಾಮಿಕ ರೋಗದ ಸಮಯದಲ್ಲಿ ಬ್ಲಾಕ್‌ಚೈನ್ ಮತ್ತು ಎಐ ಹೇಗೆ ಬಳಕೆಯಾಗುತ್ತವೆ ಅನ್ನುವ ಪಾಠವನ್ನು ಪರೀಕ್ಷೆಗೆ ಓದುತ್ತಿರುವ, ಮುಂಬೈ ದಾದರಿನ ನಮ್ಮ ಭಾನುವಾರದ ಓದಿನ ಗುಂಪಿಗಾಗಿ ಬರೆದದ್ದು. ಬ್ಲಾಕ್‌ಚೈನ್ ಅಂದರೇನು ಅಂತ ಮೊದಲಿಂದ ಹೇಳುವುದಿಲ್ಲ. ಒಬ್ಬರನ್ನೊಬ್ಬರು ಪೂರ್ತಿ ನಂಬದ ಹಲವರು ಸೇರಿ ಬರೆಯುವ ದಾಖಲೆ ಅದು. ಒಮ್ಮೆ ಬರೆದರೆ ಯಾರಿಗೂ ಗೊತ್ತಾಗದಂತೆ ತಿದ್ದಲು ಆಗುವುದಿಲ್ಲ. ಇಷ್ಟು ನೆನಪಿದ್ದರೆ ಸಾಕು. ಜಾಸ್ತಿ ಜಾಗ ಹ್ಯಾಶ್‌ಗೇ ಹೋಗಿದೆ, ಅಂದರೆ ಯಾವುದೇ ಮಾಹಿತಿಯನ್ನು ಲೆಕ್ಕ ಹಾಕಿ ಒಂದೇ ಅಳತೆಯ ಗುರುತಿನ ಸಾಲಾಗಿ ಬದಲಿಸುವುದಕ್ಕೆ. "ರೋಗಿಯ ವಿವರ ಹ್ಯಾಶ್ ಮಾಡಿ ಚೈನ್‌ಗೆ ಹಾಕಿದರೆ ಗುಟ್ಟು ಉಳಿಯುತ್ತದೆ" ಅಂತ ಪಾಠದಲ್ಲಿ ಒಂದೇ ಸಾಲಿನಲ್ಲಿ ದಾಟಿಸಿಬಿಡುವ ಜಾಗ ಅದು. ಸುಮ್ನೆ ಹ್ಯಾಶ್ ಮಾಡಿದರೆ ಉಳಿಯುವುದಿಲ್ಲ.

ಹ್ಯಾಶ್

ಹ್ಯಾಶ್ ಮಾಡುವ ಸೂತ್ರಗಳಲ್ಲಿ ಒಂದಾದ ಎಸ್‌ಎಚ್‌ಎ-256ಗೆ ಏನು ಕೊಟ್ಟರೂ 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಅದೇ ಮಾಹಿತಿಗೆ ಪ್ರತಿ ಸಲವೂ ಅದೇ ಸಾಲು. ಆ ಸಾಲಿನಿಂದ ಹಿಂದಕ್ಕೆ ಹೋಗಿ ಮೂಲ ಮಾಹಿತಿ ತೆಗೆಯುವ ದಾರಿ ಇಲ್ಲ. ಇಲ್ಲಿವರೆಗೆ ಪಾಠ ಸರಿಯೇ. ಆದರೆ ಹಿಂದಕ್ಕೆ ಯಾಕೆ ಹೋಗಬೇಕು? ಮುಂದಕ್ಕೇ ಹೋಗಬಹುದು.

ಸೋಂಕಿತರ ಮೊಬೈಲ್ ನಂಬರನ್ನು ಹ್ಯಾಶ್ ಮಾಡಿ, ಎಲ್ಲರಿಗೂ ಕಾಣುವ ಚೈನ್‌ಗೆ ಹಾಕಿದ್ದಾರೆ ಅಂದುಕೊಳ್ಳಿ. ನಮ್ಮ ದೇಶದ ಮೊಬೈಲ್ ನಂಬರಿನಲ್ಲಿ 10 ಅಂಕಿ. ಮೊದಲನೆಯದು 6, 7, 8 ಅಥವಾ 9. ಉಳಿದ ಒಂಬತ್ತು ಏನು ಬೇಕಾದರೂ ಆಗಬಹುದು. ಹಾಗಾದರೆ ಒಟ್ಟು ಸಾಧ್ಯತೆ 4 × 100 ಕೋಟಿ, ಅಂದರೆ 400 ಕೋಟಿ. ಕೇಳಲು ದೊಡ್ಡದು. ಆದರೆ ಗೇಮ್ ಆಡುವವರು ಇಟ್ಟುಕೊಳ್ಳುವ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಹ್ಯಾಶ್ ಮಾಡುತ್ತದೆ. ಇರಬಹುದಾದ ಎಲ್ಲ ನಂಬರನ್ನೂ ಹ್ಯಾಶ್ ಮಾಡಿ, ಚೈನ್‌ನಲ್ಲಿರುವುದರ ಜೊತೆ ಹೋಲಿಸಿದರೆ ಆಯಿತು. ಚಹಾ ಆರುವ ಮೊದಲೇ ಪಟ್ಟಿ ಕೈಗೆ ಬರುತ್ತದೆ. ಹ್ಯಾಶ್ ಮುರಿದಿಲ್ಲ, ಗುಟ್ಟು ಮಾತ್ರ ಹೋಯಿತು.

ನಂಬರ್ ಬೇಡ, ಪಿನ್‌ಕೋಡ್, ಹುಟ್ಟಿದ ದಿನ, ಲಿಂಗ ಸೇರಿಸಿ ಹ್ಯಾಶ್ ಮಾಡೋಣ ಅಂದರೆ? ಇನ್ನೂ ಕೆಟ್ಟದು. ಧಾರಾವಿಯ 400017 ತೆಗೆದುಕೊಳ್ಳಿ. ನೂರು ವರ್ಷದ ಹುಟ್ಟಿದ ದಿನಗಳು 36,500. ಲಿಂಗಕ್ಕೆ ಮೂರು ಆಯ್ಕೆ ಇಟ್ಟರೂ 1,09,500. ಇದಕ್ಕೆ ಗ್ರಾಫಿಕ್ಸ್ ಕಾರ್ಡೂ ಬೇಡ, ಹಳೇ ಲ್ಯಾಪ್‌ಟಾಪ್ ಸಾಕು.

ಪರಿಹಾರ ಸಾಲ್ಟ್. ಊಹಿಸಲಾಗದ ಉದ್ದನೆಯ ಸಂಖ್ಯೆಯೊಂದನ್ನು ಮಾಹಿತಿಗೆ ಅಂಟಿಸಿ ಆಮೇಲೆ ಹ್ಯಾಶ್ ಮಾಡುವುದು. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪಾಸ್‌ವರ್ಡ್ ಪಾಠದಲ್ಲಿ ಸಾಲ್ಟನ್ನು ಹ್ಯಾಶ್ ಪಕ್ಕದಲ್ಲೇ ಇಡುತ್ತಾರೆ, ಅಲ್ವಾ? ಅಲ್ಲಿ ಅದರ ಕೆಲಸ ಮೊದಲೇ ಹ್ಯಾಶ್ ಮಾಡಿಟ್ಟ ಪಟ್ಟಿಯನ್ನು ನಿರುಪಯೋಗಿ ಮಾಡುವುದು ಅಷ್ಟೇ. ಇಲ್ಲಿ ಹಾಗೆ ಬಹಿರಂಗವಾಗಿ ಇಟ್ಟರೆ ಪ್ರಯೋಜನವಿಲ್ಲ. ಒಬ್ಬೊಬ್ಬರಿಗೂ 400 ಕೋಟಿ ಸಲ ಹೊಸದಾಗಿ ಪ್ರಯತ್ನಿಸಬೇಕು, ಅದೂ ಕೆಲವು ಸೆಕೆಂಡಿನ ಕೆಲಸ. ಆದ್ದರಿಂದ ಸಾಲ್ಟ್ ಆಸ್ಪತ್ರೆಯ ಬಳಿ ಗುಟ್ಟಾಗಿರಬೇಕು, ಚೈನ್ ಮೇಲೆ ಬರಲೇಬಾರದು.

ಇದರಿಂದ ಇನ್ನೊಂದು ಗಂಟೂ ಬಿಡಿಸಿಕೊಳ್ಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ ನಮ್ಮ ಮಾಹಿತಿ ಅಳಿಸಲು ಕೇಳುವ ಹಕ್ಕಿದೆ. ಚೈನ್‌ನಲ್ಲಿ ಅಳಿಸಲು ಆಗುವುದಿಲ್ಲ. ಆದರೆ ಆಸ್ಪತ್ರೆ ಮೂಲ ದಾಖಲೆಯನ್ನೂ ಸಾಲ್ಟನ್ನೂ ನಾಶ ಮಾಡಿದರೆ, ಚೈನ್‌ನಲ್ಲಿ ಉಳಿದ ಸಾಲಿನಿಂದ ಯಾರಿಗೂ ಏನೂ ಸಿಗುವುದಿಲ್ಲ.

ಅಭ್ಯಾಸಕ್ಕೆ ಒಂದು ಲೆಕ್ಕ: ಕೋವಿಡ್ ಲಸಿಕೆ ನೋಂದಣಿಗೆ ಪ್ಯಾನ್ ಕಾರ್ಡೂ ನಡೆಯುತ್ತಿತ್ತು. ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ. ವ್ಯಕ್ತಿಯದ್ದಾದರೆ ನಾಲ್ಕನೆಯ ಅಕ್ಷರ ಯಾವಾಗಲೂ 'ಪಿ', ಐದನೆಯದು ಅಡ್ಡಹೆಸರಿನ ಮೊದಲಕ್ಷರ. ಅಡ್ಡಹೆಸರು ಗೊತ್ತಿದ್ದರೆ ಎಷ್ಟು ಸಾಧ್ಯತೆ ಉಳಿಯುತ್ತದೆ?

2020ರ ಏಪ್ರಿಲ್‌ನಲ್ಲಿ ಆ್ಯಪಲ್ ಮತ್ತು ಗೂಗಲ್ ಪ್ರಕಟಿಸಿದ ಸಂಪರ್ಕ ಪತ್ತೆ ವ್ಯವಸ್ಥೆ, ಅಂದರೆ ಸೋಂಕಿತರ ಹತ್ತಿರ ಯಾರಿದ್ದರು ಅಂತ ಹುಡುಕುವ ವ್ಯವಸ್ಥೆ, ಹ್ಯಾಶ್‌ನ ಈ ತಲೆನೋವನ್ನೇ ಬಿಟ್ಟುಬಿಟ್ಟಿತು. ಫೋನ್ ನಂಬರ್ ಬಳಸಲೇ ಇಲ್ಲ. 10-20 ನಿಮಿಷಕ್ಕೊಮ್ಮೆ ಬದಲಾಗುವ ಗುರುತನ್ನು ಫೋನುಗಳು ಬ್ಲೂಟೂತ್‌ನಲ್ಲಿ ಕಳಿಸುತ್ತಿದ್ದವು, ಹೋಲಿಕೆ ನಡೆಯುತ್ತಿದ್ದದ್ದು ಫೋನಿನ ಒಳಗೇ. ಬ್ಲಾಕ್‌ಚೈನ್ ಬೇಕಾಗಲಿಲ್ಲ. ಆದರೂ ಬ್ಲೂಟೂತ್‌ಗೆ ಗೋಡೆ ತಿಳಿಯುವುದಿಲ್ಲ. ಮುಂಬೈ ಚಾಳಿನ (ಒತ್ತೊತ್ತಾದ ಸಾಲುಮನೆಯ) ತೆಳು ಗೋಡೆಯ ಆಚೆ ಮಲಗಿದವರೂ 'ಸಂಪರ್ಕ'ವೇ.

ಬರೆದದ್ದೇ ಸುಳ್ಳಾದರೆ

2021ರ ಮೇ ಕೊನೆಗೆ ಕಾಂದಿವಲಿಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ಲಸಿಕೆ ಶಿಬಿರ ನಡೆಯಿತು. ಸುಮಾರು 390 ಜನ ಚುಚ್ಚಿಸಿಕೊಂಡರು. ಆಮೇಲೆ ಪ್ರಮಾಣಪತ್ರಗಳು ಬೇರೆ ಬೇರೆ ಆಸ್ಪತ್ರೆಗಳ ಹೆಸರಲ್ಲಿ ಬಂದಾಗ ಅನುಮಾನ ಹುಟ್ಟಿತು. ಶಿಬಿರವೇ ನಕಲಿ. ಕೋವಿನ್ ಪ್ರಮಾಣಪತ್ರದ ಕ್ಯೂಆರ್‌ನಲ್ಲಿ ಇರುವುದು ಡಿಜಿಟಲ್ ಸಹಿ. ಪತ್ರವನ್ನು ಯಾರೂ ತಿದ್ದಿಲ್ಲ ಅಂತ ಅದು ಹೇಳುತ್ತದೆ. ಸೂಜಿಯಲ್ಲಿ ಏನಿತ್ತು ಅಂತ ಹೇಳುವುದಿಲ್ಲ. ಚೈನ್ ಹಾಕಿದ್ದರೂ ಅಷ್ಟೇ: ಸುಳ್ಳು ಇನ್ನೂ ಭದ್ರವಾಗಿ ಕೂತಿರುತ್ತಿತ್ತು. ಹೊರಗಿನಿಂದ ಬರುವ ಮಾಹಿತಿ ನಿಜವೋ ಸುಳ್ಳೋ ಚೈನ್‌ಗೆ ತಿಳಿಯುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು 'ಒರಾಕಲ್ ಸಮಸ್ಯೆ' ಅಂತ ಕೇಳುತ್ತಾರೆ.

ಚೈನ್ ನಿಜಕ್ಕೂ ಕೆಲಸಕ್ಕೆ ಬರುವುದು ಲಸಿಕೆ ಇಡುವ ಫ್ರಿಜ್ ವಿಷಯದಲ್ಲಿ. ಕೋವಿಶೀಲ್ಡ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಿತ್ತು. ತಾಪಮಾನದ ರಿಜಿಸ್ಟರನ್ನು ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ತುಂಬುವವರನ್ನು ನೋಡಿದ್ದೇನೆ ಅಂದರು ಗುಂಪಿನ ಮೆಡಿಕಲ್ ಅಂಗಡಿಯವರು. ಸೆನ್ಸರ್ ತಾನೇ ಅಳೆದು, ಆ ಕ್ಷಣವೇ ಚೈನ್‌ಗೆ ಬರೆದರೆ ಆ ಚಾಳಿ ನಡೆಯುವುದಿಲ್ಲ. 2021ರ ಜನವರಿಯಲ್ಲಿ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಮತ್ತು ವಾರಿಕ್ ಆಸ್ಪತ್ರೆಗಳು ಹೀಗೇ ಮಾಡಲು ಶುರು ಮಾಡಿದವು.

ಎಐ

ಚಿಕ್ಕದಾಗಿ. ಕೆನಡಾದ ಬ್ಲೂಡಾಟ್ ಕಂಪನಿಯ ಎಐ 2019ರ ಡಿಸೆಂಬರ್ 31ಕ್ಕೇ ವುಹಾನ್‌ನ ನ್ಯುಮೋನಿಯಾ ಸುದ್ದಿ ಹಿಡಿಯಿತು, ವಿಮಾನ ಟಿಕೆಟ್ ಮಾಹಿತಿಯಿಂದ ರೋಗ ಎಲ್ಲಿಗೆ ಹೋಗಬಹುದು ಅಂತ ನೋಡಿತು. ಇದನ್ನು ಎಲ್ಲರೂ ಬರೆಯುತ್ತಾರೆ. ಎಕ್ಸ್‌ರೇ ಕಥೆಯನ್ನೂ ಬರೆಯಿರಿ. ಎಕ್ಸ್‌ರೇಯಂಥ ಎದೆಯ ಚಿತ್ರ ನೋಡಿ ಕೋವಿಡ್ ಗುರುತಿಸುವ ಎಐ ಮಾದರಿಗಳ 62 ಅಧ್ಯಯನಗಳನ್ನು 2021ರಲ್ಲಿ ಪರಿಶೀಲಿಸಿದಾಗ ಒಂದೂ ಆಸ್ಪತ್ರೆಯ ಬಳಕೆಗೆ ಯೋಗ್ಯವಾಗಿರಲಿಲ್ಲ. ಕೆಲವರು ಕೋವಿಡ್ ಇಲ್ಲದವರ ಚಿತ್ರ ಅಂತ ಬಳಸಿದ್ದು ಒಂದರಿಂದ ಐದು ವರ್ಷದ ಮಕ್ಕಳ ಎಕ್ಸ್‌ರೇ. ಅಂಥ ಯಂತ್ರ ರೋಗದ ಬದಲು ವಯಸ್ಸನ್ನು ಕಲಿತುಬಿಡಬಹುದು.

ಬ್ಲಾಕ್‌ಚೈನ್, ಎಐ ಎರಡೂ ಸೇರುವುದು ಸ್ವಾರ್ಮ್ ಲರ್ನಿಂಗ್‌ನಲ್ಲಿ, ಅಂದರೆ ಹಲವು ಆಸ್ಪತ್ರೆಗಳು ಸೇರಿ ಒಂದು ಎಐಗೆ ಕಲಿಸುವ ವಿಧಾನದಲ್ಲಿ. 2021ರ ಮೇನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದದ್ದು. ರೋಗಿಗಳ ಮಾಹಿತಿ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ, ಕಲಿತ ತೂಕಗಳು, ಅಂದರೆ ಎಐ ತನ್ನ ಕಲಿಕೆಯನ್ನು ಹಿಡಿದಿಡುವ ಸಂಖ್ಯೆಗಳು, ಮಾತ್ರ ಓಡಾಡುತ್ತವೆ. ನಡುವೆ ಯಜಮಾನ ಸರ್ವರ್ ಇಲ್ಲ. ಯಾರು ಗುಂಪಿಗೆ ಸೇರಬಹುದು, ಈ ಸುತ್ತಿನಲ್ಲಿ ತೂಕಗಳನ್ನು ಯಾರು ಕೂಡಿಸಬೇಕು ಅನ್ನುವುದನ್ನು ಖಾಸಗಿ ಚೈನ್ ನೋಡಿಕೊಳ್ಳುತ್ತದೆ. ರೋಗಿಯ ಹೆಸರಾಗಲಿ, ಅದರ ಹ್ಯಾಶ್ ಆಗಲಿ ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲ. ಆದರೆ ಗುಂಪಿಗೆ ಸೇರಿದ ಆಸ್ಪತ್ರೆಯೊಂದು ಎಕ್ಸ್‌ರೇಗಳಿಗೆ ತಪ್ಪು ಚೀಟಿ ಅಂಟಿಸಿದ್ದರೆ, ಆ ತಪ್ಪೂ ತೂಕದ ಜೊತೆ ಎಲ್ಲರ ಮನೆಗೂ ಬರುತ್ತದೆ.