ಹಳೆಯ ಆಲ್ಬಮ್‌ನ ಡೀಲಕ್ಸ್ ಆವೃತ್ತಿ: ಮತ್ತೆ ಕೊಳ್ಳಬೇಕಾ?

ಪ್ರಶ್ನೆ: ನನಗೆ ತುಂಬಾ ಇಷ್ಟವಾದ ಆಲ್ಬಮ್ ಒಂದಕ್ಕೆ 25 ವರ್ಷ ತುಂಬಿತು ಅಂತ ದೊಡ್ಡ ಡೀಲಕ್ಸ್ ಬಾಕ್ಸ್ ಬರುತ್ತಿದೆ. ಹಳೆಯ ಸಿಡಿ ನನ್ನ ಹತ್ತಿರ ಇದೆ, ಚೆನ್ನಾಗಿಯೇ ಇದೆ. ಆದರೂ ಮನಸ್ಸು ಅತ್ತಲೇ ಎಳೆಯುತ್ತಿದೆ. ಇಂಥವನ್ನು ಕೊಳ್ಳುವುದರಲ್ಲಿ ಅರ್ಥ ಇದೆಯಾ?

ಉತ್ತರ: ಕೆಲವನ್ನು ಖಂಡಿತ ಕೊಳ್ಳಬೇಕು. ಜಾಸ್ತಿ ಪಾಲು ಬೇಡ. ಯಾವುದು ಬೇಕು, ಯಾವುದು ಬೇಡ ಅಂತ ತೀರ್ಮಾನಿಸಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಷ್ಟು ದಿನ ಕೇಳಲು ಆಗದಿದ್ದ ಯಾವುದು ಇದರಲ್ಲಿ ಕೇಳಿಸುತ್ತದೆ?

ಇದಕ್ಕೆ ಒಳ್ಳೆಯ ಉದಾಹರಣೆ ಜಾಝ್ ಕಲಾವಿದ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. 1959ರಲ್ಲಿ ಅದರ ಮೊದಲ ಮೂರು ರಚನೆಗಳನ್ನು ರೆಕಾರ್ಡ್ ಮಾಡಿದ ದಿನ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಅದೇ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದಾಗ ಶ್ರುತಿ ಕೊಂಚ ಮೇಲೇರಿತು. ಅದರ ಜೊತೆ ನುಡಿಸಿ ಕಲಿಯಲು ಹೊರಟವರಿಗೆ ಶ್ರುತಿ ಕೂಡುತ್ತಿರಲಿಲ್ಲ. ಆ ದಿನ ಇನ್ನೊಂದು ಯಂತ್ರದಲ್ಲಿ ತೆಗೆದಿಟ್ಟಿದ್ದ ಟೇಪ್ ಸರಿಯಾಗಿತ್ತು. 1990ರ ದಶಕದ ಮರುಬಿಡುಗಡೆಗಳಲ್ಲಿ ಅದನ್ನು ಬಳಸಿದರು. ಮೂವತ್ತಕ್ಕೂ ಹೆಚ್ಚು ವರ್ಷ ಜನ ಕೇಳಿದ್ದ ಶ್ರುತಿಯೇ ತಪ್ಪು ಅಂತಾದಾಗ, ಮತ್ತೊಮ್ಮೆ ಕೊಂಡರೆ ದುಡ್ಡು ದಂಡ ಅಂತ ಯಾರೂ ಹೇಳಲಾರರು.

ಎಲ್ಲ ಆವೃತ್ತಿಗೂ ಇಷ್ಟು ಗಟ್ಟಿ ಕಾರಣ ಇರುವುದಿಲ್ಲ. ಹಾಗಾಗಿ ಬಾಕ್ಸ್ ಮೇಲೆ ‘ರೀಮಾಸ್ಟರ್’ ಅಂತ ಬರೆದಿದೆಯಾ, ‘ರೀಮಿಕ್ಸ್’ ಅಂತ ಬರೆದಿದೆಯಾ ಅಂತ ಮೊದಲು ನೋಡಿ. ರೀಮಾಸ್ಟರ್ ಅಂದರೆ ಹಾಡು, ವಾದ್ಯ ಎಲ್ಲ ಆಗಲೇ ಒಂದಾಗಿ ಬೆರೆತು (ಮಿಕ್ಸ್ ಆಗಿ) ಮುಗಿದ ಟೇಪನ್ನೇ ತೆಗೆದುಕೊಂಡು ಒಟ್ಟು ಸದ್ದನ್ನು ಹದಗೊಳಿಸುವುದು. ಅಲ್ಲಿ ಗಿಟಾರ್ ಒಂದನ್ನೇ ಮುಂದಕ್ಕೆ ತರಲು ಆಗುವುದಿಲ್ಲ. ರೀಮಿಕ್ಸ್‌ನಲ್ಲಿ ಹಾಡುಗಾರಿಕೆ, ಡ್ರಮ್ಸ್, ಬಾಸ್ ಗಿಟಾರ್ ಬೇರೆಬೇರೆಯಾಗಿರುವ ಮೂಲ ಟ್ರ್ಯಾಕ್‌ಗಳಿಗೇ ಹಿಂದಿರುಗಿ, ಎಲ್ಲವನ್ನೂ ಹೊಸದಾಗಿ ಜೋಡಿಸುತ್ತಾರೆ.

ರೀಮಾಸ್ಟರ್ ಅಂತ ಇದ್ದರೆ ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. 1990ರ ದಶಕದಿಂದೀಚೆಗೆ ಬಂದ ಎಷ್ಟೋ ರೀಮಾಸ್ಟರ್‌ಗಳಲ್ಲಿ ಸದ್ದನ್ನು ಸುಮ್ನೆ ಜೋರು ಮಾಡಿದ್ದಾರೆ. ಮೆಲ್ಲನೆಯ ಜಾಗ, ಅಬ್ಬರದ ಜಾಗ ಎರಡೂ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. ಮೊದಲ ನಿಮಿಷ ಭರ್ಜರಿ ಅನ್ನಿಸುತ್ತದೆ, ಅರ್ಧ ಆಲ್ಬಮ್ ಮುಗಿಯುವಷ್ಟರಲ್ಲಿ ಕಿವಿ ದಣಿಯುತ್ತದೆ. ನಿಮ್ಮ ಹಳೆಯ ಸಿಡಿಯೇ ಹೊಸದಕ್ಕಿಂತ ಚೆನ್ನಾಗಿ ಕೇಳಿಸುವ ಸಾಧ್ಯತೆ ನಿಜವಾಗಿಯೂ ಇದೆ.

ಒಳ್ಳೆಯ ರೀಮಿಕ್ಸ್ ಮಾತ್ರ ಬೇರೆಯೇ ಅನುಭವ. ‘ದಿ ರಿಪ್ಲೇಸ್ಮೆಂಟ್ಸ್’ ತಂಡದ ‘ಟಿಮ್’ 1985ರಲ್ಲಿ ಬಂದಾಗ ಹಾಡುಗಳನ್ನು ಎಲ್ಲರೂ ಮೆಚ್ಚಿದರು, ಸದ್ದಿನ ಬಗ್ಗೆ ಮಾತ್ರ ಗೊಣಗಿದರು. ತಂಡ ಬಾಗಿಲು ಹಾಕಿಕೊಂಡು ಒಳಗೆ ನುಡಿಸುತ್ತಿದೆಯೇನೋ ಅನ್ನುವ ಹಾಗಿತ್ತು. 2023ರಲ್ಲಿ ಎಡ್ ಸ್ಟೇಸಿಯಮ್ ಅದನ್ನು ರೀಮಿಕ್ಸ್ ಮಾಡಿದಾಗ ಡ್ರಮ್ಸ್‌ಗೆ ಜೀವ ಬಂತು. ಜೆತ್ರೊ ಟಲ್ ತಂಡದ 1971ರ ‘ಅಕ್ವಾಲಂಗ್’ಗೆ 2011ರಲ್ಲಿ ಸ್ಟೀವನ್ ವಿಲ್ಸನ್ ಇಂಥದ್ದೇ ಉಪಕಾರ ಮಾಡಿದರು. ಬೀಟಲ್ಸ್ ತಂಡದ ‘ರಿವಾಲ್ವರ್’ (1966) ಕಥೆ ಇನ್ನೂ ಸೋಜಿಗದ್ದು. ಆಗ ಇದ್ದದ್ದು ನಾಲ್ಕೇ ಟ್ರ್ಯಾಕ್‌ಗಳ ಟೇಪ್. ಒಂದೊಂದು ಟ್ರ್ಯಾಕ್‌ನಲ್ಲಿ ಎರಡು ಮೂರು ವಾದ್ಯ ಸೇರಿಹೋಗಿದ್ದವು, ಬಿಡಿಸಲು ದಾರಿಯೇ ಇರಲಿಲ್ಲ. ನಿರ್ದೇಶಕ ಪೀಟರ್ ಜಾಕ್ಸನ್ ಅವರ ಬೀಟಲ್ಸ್ ಸಾಕ್ಷ್ಯಚಿತ್ರಕ್ಕಾಗಿ ಅಭಿವೃದ್ಧಿಪಡಿಸಿದ ತಂತ್ರಾಂಶ ಆ ವಾದ್ಯಗಳನ್ನು ಬೇರೆ ಮಾಡಿಕೊಟ್ಟಿತು. ಹಾಗಾಗಿಯೇ ನಿರ್ಮಾಪಕ ಗೈಲ್ಸ್ ಮಾರ್ಟಿನ್ ಅವರಿಗೆ 2022ರ ರೀಮಿಕ್ಸ್ ಮಾಡಲು ಆಯಿತು.

ಆದರೆ ಮೂಲವನ್ನೇ ಅಳಿಸಿ ಹೊಸದನ್ನು ಆ ಜಾಗದಲ್ಲಿ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ರಾಕ್ ಗಾಯಕ ಆಜಿ ಆಸ್ಬರ್ನ್ ಅವರ ‘ಬ್ಲಿಝರ್ಡ್ ಆಫ್ ಆಜ್’ ಮತ್ತು ‘ಡೈರಿ ಆಫ್ ಎ ಮ್ಯಾಡ್‌ಮ್ಯಾನ್’ 2002ರಲ್ಲಿ ಮತ್ತೆ ಬಂದಾಗ ಮೂಲ ಬಾಸ್, ಡ್ರಮ್ಸ್ ಎರಡನ್ನೂ ತೆಗೆದು ಬೇರೆಯವರಿಂದ ನುಡಿಸಿ ಸೇರಿಸಿದ್ದರು. ಮೊದಲು ನುಡಿಸಿದವರ ಜೊತೆ ಹಣದ ವ್ಯಾಜ್ಯ ನಡೆಯುತ್ತಿತ್ತು. ಅಭಿಮಾನಿಗಳಿಗೆ ಸಿಟ್ಟು ಬಂದದ್ದು ಸಹಜ. 2011ರ ಆವೃತ್ತಿಯಲ್ಲಿ ಮೂಲ ವಾದನ ವಾಪಸ್ ಬಂತು. ನಡುವಿನ ಒಂಬತ್ತು ವರ್ಷ ಹಳೆಯ ಪ್ರತಿ ಇಟ್ಟುಕೊಂಡಿದ್ದವರೇ ಪುಣ್ಯವಂತರು. ಸ್ಟ್ರೀಮಿಂಗ್‌ನಲ್ಲೂ ಎಷ್ಟೋ ಸಲ ಹೊಸ ರೀಮಾಸ್ಟರ್ ಬಂದ ಕೂಡಲೇ ಹಳೆಯದು ಸದ್ದಿಲ್ಲದೆ ಮಾಯವಾಗುತ್ತದೆ. ಅದಕ್ಕೇ ಡೀಲಕ್ಸ್ ಕೊಂಡರೂ ಹಳೆಯ ಸಿಡಿಯನ್ನು ಯಾರಿಗೂ ಕೊಟ್ಟುಬಿಡಬೇಡಿ.

ಇನ್ನು ‘ಹಿಂದೆಂದೂ ಕೇಳದ’ ಹಾಡುಗಳು. ಬಾಕ್ಸ್ ಮಾರಾಟವಾಗುವುದೇ ಇವುಗಳ ಹೆಸರಲ್ಲಿ, ಅಲ್ವಾ? ಇಲ್ಲಿ ಮನಸ್ಸು ಬಿಗಿಹಿಡಿಯಬೇಕು. ಡೆಮೊಗಳಲ್ಲಿ, ಅಂದರೆ ಕರಡು ರೆಕಾರ್ಡಿಂಗ್‌ಗಳಲ್ಲಿ, ಬಹುಪಾಲು ಒಂದು ಸಲ ಕೇಳಲು ಚೆಂದ, ಎರಡನೇ ಸಲ ಯಾರೂ ಹಾಕುವುದಿಲ್ಲ. ಅದೇ ಹಾಡು, ಸ್ವಲ್ಪ ಹಸಿಹಸಿಯಾಗಿ, ಅಷ್ಟೇ. ಆದರೆ ಅಮೆರಿಕದ ಗಾಯಕ ಪ್ರಿನ್ಸ್ ಅಂಥವರ ವಿಷಯ ಬೇರೆ. ‘ಸೈನ್ ಓ ದ ಟೈಮ್ಸ್’ನ 2020ರ ದೊಡ್ಡ ಬಾಕ್ಸ್‌ನಲ್ಲಿ ಹಿಂದೆ ಬಿಡುಗಡೆಯಾಗದ 63 ರೆಕಾರ್ಡಿಂಗ್‌ಗಳಿದ್ದವು, ಅದರಲ್ಲಿ ಪೂರ್ತಿ ತಯಾರಾಗಿದ್ದ ಎಷ್ಟೋ ಹಾಡುಗಳು. ರೇಡಿಯೋಹೆಡ್ ತಂಡ ‘ಓಕೆ ಕಂಪ್ಯೂಟರ್’ಗೆ 20 ವರ್ಷವಾದಾಗ ಸೇರಿಸಿದ ಹೊಸ ಹಾಡು ಮೂರೇ. ಆದರೆ ಅದರಲ್ಲಿ ಒಂದಾದ ‘ಲಿಫ್ಟ್’ಗಾಗಿ ಅಭಿಮಾನಿಗಳು ಇಪ್ಪತ್ತು ವರ್ಷ ಕಾದಿದ್ದರು. ಎಣಿಕೆ ನೋಡಿ ಮೋಸಹೋಗಬೇಡಿ ಅನ್ನುವುದು ಇದಕ್ಕೇ.

ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಡುವುದು ಒಂದು ಹಾಡು ಹುಟ್ಟುವುದನ್ನು ಕೇಳುವುದು. ಬಾಬ್ ಡಿಲನ್ ಅವರ 1965–66ರ ರೆಕಾರ್ಡಿಂಗ್‌ಗಳ ಸಂಗ್ರಹ ‘ದಿ ಕಟಿಂಗ್ ಎಡ್ಜ್’ 2015ರಲ್ಲಿ ಬಂತು. ಅದರ ಆರು ಡಿಸ್ಕ್‌ಗಳ ಆವೃತ್ತಿಯಲ್ಲಿ ಒಂದು ಡಿಸ್ಕ್ ಪೂರ್ತಿ ‘ಲೈಕ್ ಎ ರೋಲಿಂಗ್ ಸ್ಟೋನ್’ನ ಟೇಕ್‌ಗಳೇ, ಅಂದರೆ ಅದೇ ಹಾಡನ್ನು ರೆಕಾರ್ಡ್ ಮಾಡಲು ಮಾಡಿದ ಒಂದೊಂದು ಪ್ರಯತ್ನವೂ. ಮೊದಲ ದಿನ ಆ ಹಾಡು ಮೂರು ಎಣಿಕೆಯ ವಾಲ್ಟ್ಸ್ ಲಯದಲ್ಲಿ ತಡವರಿಸುತ್ತಿದೆ. ಮರುದಿನ ಲಯ ಬದಲಾಗಿದೆ. ನಾಲ್ಕನೇ ಟೇಕ್‌ನಲ್ಲಿ ಎಲ್ಲವೂ ಕೂಡಿಬರುತ್ತದೆ, ಲೋಕ ಕೇಳಿದ್ದು ಅದನ್ನೇ. ಸೋಜಿಗ ಅಂದರೆ ಅದು ಸಿಕ್ಕಿತು ಅಂತ ಅವರಿಗೇ ಗೊತ್ತಾಗಲಿಲ್ಲ! ಅದಾದ ಮೇಲೂ ಟೇಕ್ ಮೇಲೆ ಟೇಕ್ ನುಡಿಸುತ್ತಲೇ ಹೋದರು, ಆ ಹದ ಮತ್ತೆ ಬರಲೇ ಇಲ್ಲ. ಇದನ್ನು ಒಮ್ಮೆ ಕೇಳಿದ ಮೇಲೆ ಮೂಲ ಹಾಡನ್ನು ನೀವು ಮೊದಲಿನ ಹಾಗೆ ಕೇಳಲಾರಿರಿ.

ಇಂಥ ಸಂಗ್ರಹಗಳು ಈಗೀಗ ಜಾಸ್ತಿ ಬರಲು ಕಾನೂನಿನ ಕಾರಣವೂ ಒಂದಿದೆ. ಯುರೋಪಿಯನ್ ಒಕ್ಕೂಟ 2011ರಲ್ಲಿ ರೆಕಾರ್ಡಿಂಗ್‌ಗಳ ಹಕ್ಕನ್ನು 50ರಿಂದ 70 ವರ್ಷಕ್ಕೆ ಏರಿಸಿತು. ಆದರೆ ಬಿಡುಗಡೆಯನ್ನೇ ಮಾಡದೆ ಇಟ್ಟುಕೊಂಡ ಟೇಪ್‌ಗಳಿಗೆ 50 ವರ್ಷ ದಾಟಿದರೆ ಆ ರಕ್ಷಣೆ ಸಿಗುವುದಿಲ್ಲ. ಹೀಗಾಗಿ 2012ರಲ್ಲಿ ಡಿಲನ್ ಅವರ ಹಳೆಯ ಟೇಪ್‌ಗಳ ಒಂದು ಸಂಗ್ರಹ ಸುಮಾರು 100 ಪ್ರತಿಗಳಲ್ಲಿ ಮಾತ್ರ ಬಂತು. ಹಕ್ಕು ಉಳಿಸಿಕೊಳ್ಳುವುದೇ ಅದರ ಉದ್ದೇಶ. ಅದರ ಹೆಸರಿನಲ್ಲೇ ಹಾಗಂತ ಬರೆದಿದ್ದರು.

ಬಾಕ್ಸ್‌ನೊಳಗಿನ ಇತರ ಸಾಮಾನುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ನ 2011ರ ಬಾಕ್ಸ್‌ನಲ್ಲಿ ಗೋಲಿಗಳು, ಸ್ಕಾರ್ಫ್ ಕೂಡ ಇದ್ದವು. ಒಳ್ಳೆಯ ಪುಸ್ತಕ ಇದ್ದರೆ ಅದು ಬೇರೆ ಮಾತು. ಯಾವ ಹಾಡನ್ನು ಯಾವತ್ತು, ಯಾರು ನುಡಿಸಿದರು ಅಂತ ವಿವರವಾಗಿ ಬರೆದ ಪುಸ್ತಕಕ್ಕೆ ಬೆಲೆ ಇದ್ದೇ ಇದೆ. ಆಲ್ಬಮ್ ಬಂದ ಕೆಲವೇ ವಾರಕ್ಕೆ ಎರಡು ಮೂರು ಹಾಡು ಸೇರಿಸಿ ‘ಡೀಲಕ್ಸ್’ ಅಂತ ಮತ್ತೆ ಬಿಡುವ ಪದ್ಧತಿ ಈಗ ಶುರುವಾಗಿದೆ. ಹೊಸ ಹಾಡುಗಳನ್ನು ಜನ ಕೇಳಿದ ಎಣಿಕೆ ಹಳೆಯ ಆಲ್ಬಮ್‌ಗೇ ಸೇರಿ ಅದು ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಮೇಲೆ ಉಳಿಯುತ್ತದೆ. ಅವನ್ನು ಸ್ಟ್ರೀಮಿಂಗ್‌ನಲ್ಲಿ ಕೇಳಿದರೆ ಸಾಕು.

ವಿನೈಲ್ ತಟ್ಟೆ (ಎಲ್‌ಪಿ) ಕೊಳ್ಳುವವರು ಅದನ್ನು ಯಾವ ಟೇಪ್‌ನಿಂದ ತಯಾರಿಸಿದರು ಅಂತ ವಿಚಾರಿಸಲೇಬೇಕು. ಪೂರ್ತಿ ಅನಲಾಗ್, ಅಂದರೆ ಎಲ್ಲೂ ಡಿಜಿಟಲ್ ಆಗದೆ ಟೇಪ್‌ನಿಂದಲೇ ತಯಾರಾದದ್ದು, ಅಂತ ಎಲ್ಲರೂ ನಂಬಿದ್ದ ಮೊಬೈಲ್ ಫಿಡೆಲಿಟಿ ಕಂಪನಿಯ ಎಲ್‌ಪಿಗಳಲ್ಲಿ ಎಷ್ಟೋ ನಡುವೆ ಡಿಜಿಟಲ್ ಹಂತ ದಾಟಿ ಬಂದಿದ್ದವು ಅಂತ 2022ರಲ್ಲಿ ಬಯಲಾಯಿತು. ಸದ್ದು ಕೆಟ್ಟಿತ್ತು ಅಂತಲ್ಲ, ಕೊಂಡವರಿಗೆ ಅದನ್ನು ಹೇಳಿರಲಿಲ್ಲ ಅನ್ನುವುದೇ ನೋವು.

ಈಗ ನಿಮ್ಮ ಬಾಕ್ಸ್‌ಗೆ ಬರೋಣ. ಹಾಡುಗಳ ಪಟ್ಟಿ ತೆಗೆದು, ರೀಮಿಕ್ಸ್, ಪೂರ್ತಿಯಾದ ಹೊಸ ಹಾಡುಗಳು, ಒಂದು ಇಡೀ ಸಂಗೀತ ಕಛೇರಿ, ಇವುಗಳಲ್ಲಿ ಒಂದಾದರೂ ಇದೆಯಾ ನೋಡಿ. ಇದ್ದರೆ ಬಿಡುಗಡೆಯ ದಿನ ಸ್ಟ್ರೀಮಿಂಗ್‌ನಲ್ಲಿ ಆ ಭಾಗವನ್ನಷ್ಟೇ ಎರಡು ಸಲ ಕೇಳಿ. ಮೂರನೇ ಸಲವೂ ಬೇಕೆನಿಸಿದರೆ ಎರಡು ಡಿಸ್ಕ್‌ಗಳ ಆವೃತ್ತಿ ಇದೆಯಾ ಅಂತ ಹುಡುಕಿ. ಮುಖ್ಯವಾದದ್ದು ಬಹಳ ಸಲ ಅದರಲ್ಲೇ ಇರುತ್ತದೆ. ಬರೀ ಒಂದು ಕಛೇರಿಗಾಗಿ ದೊಡ್ಡ ಬಾಕ್ಸ್ ಕೊಳ್ಳಬೇಕು ಅಂತಾದರೆ ಸ್ವಲ್ಪ ತಾಳಿ. ಪಿಂಕ್ ಫ್ಲಾಯ್ಡ್‌ನ 1974ರ ವೆಂಬ್ಲಿ ಕಛೇರಿ 2011ರ ಬಾಕ್ಸ್‌ನಲ್ಲಿ ಇತ್ತು, 2023ರ ಬಾಕ್ಸ್‌ನಲ್ಲಿ ಮತ್ತೆ ಬಂತು, ಅದೇ ವರ್ಷ ಬೇರೆಯಾಗಿ ಬಿಡಿ ಆಲ್ಬಮ್ ಆಗಿಯೂ ಸಿಕ್ಕಿತು.