ಪಾಂಪೇ ಬರೆದ ಲಿಟ್ಟನ್ ಬರಗಾಲದ ಲಿಟ್ಟನ್ ಅಲ್ಲ

ಪ್ರಶ್ನೆ: 1876–78ರ ಧಾತು–ಈಶ್ವರ ಬರಗಾಲದ ಕಾಲದಲ್ಲಿ ವೈಸ್‌ರಾಯ್ ಆಗಿದ್ದ ಲಾರ್ಡ್ ಲಿಟ್ಟನ್, ‘ದಿ ಲಾಸ್ಟ್ ಡೇಸ್ ಆಫ್ ಪಾಂಪೇ’ ಕಾದಂಬರಿಯನ್ನೂ ಬರೆದಿದ್ದನಂತೆ. ನಿಜವೇ?

ನಿಜವಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆ ಎಂದು ಲೆಕ್ಕವಿಡುವುದನ್ನೇ ಬಿಟ್ಟಿದ್ದೇನೆ. ಪರೀಕ್ಷೆಯ ಟಿಪ್ಪಣಿಗಳು ಅಪ್ಪ ಮಗ ಇಬ್ಬರನ್ನೂ ಒಂದೇ ಹೆಸರಿನಡಿ ಕಟ್ಟಿಹಾಕುವುದನ್ನು ಬಿಡುವವರೆಗೂ ಹೇಳುತ್ತಲೇ ಇರಬೇಕಾಗುತ್ತದೆ.

ಕಾದಂಬರಿಕಾರ ಎಡ್ವರ್ಡ್ ಬುಲ್ವರ್-ಲಿಟ್ಟನ್ 1803ರಲ್ಲಿ ಹುಟ್ಟಿ 1873ರ ಜನವರಿಯಲ್ಲಿ ತೀರಿಕೊಂಡ. ವೈಸ್‌ರಾಯ್ ಆಗಿ ಇಲ್ಲಿಗೆ ಬಂದವನು ಆತನ ಮಗ ರಾಬರ್ಟ್, ಅದೂ 1876ರಲ್ಲಿ. ಸತ್ತು ಮೂರು ವರ್ಷವಾದವನನ್ನು ಕಲ್ಕತ್ತೆಗೆ ಕಳುಹಿಸುವ ಶಕ್ತಿ ಪ್ರಧಾನಿ ಡಿಸ್ರೇಲಿಗೂ ಇರಲಿಲ್ಲ. ಗೊಂದಲದ ಬೇರು ಹೆಸರಿನಲ್ಲಿದೆ. ಮೊದಲಿಗೆ ಬರೀ ಬುಲ್ವರ್ ಆಗಿದ್ದ ತಂದೆ, 1843ರಲ್ಲಿ ತಾಯಿ ತೀರಿಕೊಂಡು ನೆಬ್‌ವರ್ತ್ ಆಸ್ತಿ ಕೈಗೆ ಬಂದ ಮೇಲೆ ಆಕೆಯ ಮನೆತನದ ‘ಲಿಟ್ಟನ್’ ಎಂಬುದನ್ನು ಸೇರಿಸಿಕೊಂಡ. 1866ರಲ್ಲಿ ಬ್ಯಾರನ್ ಪದವಿ ದೊರೆತು ‘ಲಾರ್ಡ್ ಲಿಟ್ಟನ್’ ಎನಿಸಿಕೊಂಡ. ಆತನ ನಂತರ ಆ ಬಿರುದು ಮಗನಿಗೆ ಇಳಿಯಿತು. ತಂದೆ 1858–59ರಲ್ಲಿ ವಸಾಹತುಗಳ ಮಂತ್ರಿಯಾಗಿದ್ದನಲ್ಲವೇ ಎಂದು ವಾದಿಸುವವರಿದ್ದಾರೆ. ಆ ಖಾತೆಗೆ ಇಂಡಿಯಾ ಸೇರಿರಲೇ ಇಲ್ಲ. ಮಗನೂ ಬರೆಯುತ್ತಿದ್ದನೆನ್ನುವುದು ಇನ್ನೊಂದು ವಾದ. ಹೌದು, ಆದರೆ ಮುಖ್ಯವಾಗಿ ಕವಿತೆಗಳನ್ನು, ಅದೂ ಓವನ್ ಮೆರೆಡಿತ್ ಎಂಬ ಹೆಸರಿನಲ್ಲಿ. ಪಾಂಪೇ ಕಾದಂಬರಿ ಅಚ್ಚಾದ 1834ರಲ್ಲಿ ಈ ರಾಬರ್ಟ್‌ಗೆ ಇನ್ನೂ ಮೂರು ವರ್ಷವೂ ಸರಿಯಾಗಿ ತುಂಬಿರಲಿಲ್ಲ.

ತಂದೆಯ ಬದುಕು ಆತನ ಕಾದಂಬರಿಗಳಿಗಿಂತ ಸ್ವಾರಸ್ಯವಾದುದು. ತಾಯಿಯ ಮಾತು ಮೀರಿ 1827ರಲ್ಲಿ ರೊಸೀನಾ ವೀಲರ್‌ಳನ್ನು ಮದುವೆಯಾದಾಗ ತಾಯಿ ಹಣ ಕೊಡುವುದನ್ನು ನಿಲ್ಲಿಸಿದಳು. ಸಂಸಾರ ನಡೆಸಲು ಲೇಖನಿಯೇ ಗತಿಯಾಯಿತು. ಮರುವರ್ಷವೇ ಬಂದ ‘ಪೆಲ್ಹಮ್’ ಆತನಿಗೆ ಹೆಸರು ತಂದುಕೊಟ್ಟಿತು. 1836ರಲ್ಲಿ ಗಂಡ ಹೆಂಡತಿ ಬೇರೆಯಾದರು. 1858ರ ಜೂನ್‌ನಲ್ಲಿ ಹರ್ಟ್‌ಫರ್ಡ್‌ನ ಚುನಾವಣಾ ಸಭೆಗೆ ರೊಸೀನಾ ತಾನೇ ಹೋಗಿ, ಮಂತ್ರಿಯಾದ ಗಂಡನನ್ನು ಜನರೆದುರು ಝಾಡಿಸಿದಳು. ಕೆಲವೇ ದಿನಗಳಲ್ಲಿ ಆತ ಆಕೆಯನ್ನು ಹುಚ್ಚಾಸ್ಪತ್ರೆಗೆ ಸೇರಿಸಿದ. ಊರೆಲ್ಲ ಗುಲ್ಲೆದ್ದ ಮೇಲೆ ಕೆಲವು ವಾರಗಳಲ್ಲಿ ಬಿಡಿಸಬೇಕಾಯಿತು. ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನ ಕೊನೆಯನ್ನು ಡಿಕನ್ಸ್ ಬದಲಿಸಿದ್ದು ಈತನ ಸಲಹೆಯ ಮೇರೆಗೆ. ಅಷ್ಟು ತೂಕದ ಲೇಖಕನ ‘ಪಾಲ್ ಕ್ಲಿಫರ್ಡ್’ನ ಮೊದಲ ವಾಕ್ಯ, ಆ ಕತ್ತಲೆಯ ಬಿರುಗಾಳಿಯ ರಾತ್ರಿ, ಮುಂದೆ ದಶಕಗಳ ಕಾಲ ಅಮೆರಿಕದಲ್ಲಿ ಕೆಟ್ಟ ಆರಂಭವಾಕ್ಯಗಳ ಸ್ಪರ್ಧೆಗೆ ನೆಪವಾಗಿತ್ತು.

ಯಾರೂ ಕೇಳದಿದ್ದರೂ ಇನ್ನೊಂದನ್ನು ಹೇಳಿಬಿಡುತ್ತೇನೆ. ನಮ್ಮ ಶಾಲೆಗಳ ಪ್ರಬಂಧಗಳಲ್ಲಿ ತಪ್ಪದೆ ಬರುವ ‘ಖಡ್ಗಕ್ಕಿಂತ ಲೇಖನಿ ಹರಿತ’ ಎಂಬ ಮಾತು ಈತನ 1839ರ ‘ರಿಶಲ್ಯೂ’ ನಾಟಕದ್ದು. ಮೂಲದಲ್ಲಿ ಅದಕ್ಕೊಂದು ಷರತ್ತಿದೆ: ನಿಜಕ್ಕೂ ದೊಡ್ಡ ಮನುಷ್ಯರು ಆಳುವಾಗ ಮಾತ್ರ ಎಂದು. ಇತ್ತ ಮಗ 1878ರಲ್ಲಿ ದೇಶಭಾಷಾ ಪತ್ರಿಕಾ ಕಾಯಿದೆಯನ್ನು ತಂದು, ಇಂಗ್ಲಿಷ್ ಪತ್ರಿಕೆಗಳ ತಂಟೆಗೆ ಹೋಗದೆ, ದೇಶಭಾಷೆಗಳ ಪತ್ರಿಕೆಗಳ ಬಾಯಿಗೆ ಮಾತ್ರ ಬೀಗ ಹಾಕಿದ.